ಬೀಗದ ಕೈ ಯಾರ ಹತ್ತಿರ ಇರಬೇಕು?

ಕೇಬಲ್ಲಿನ ಇನ್ಸುಲೇಷನ್ ಪರೀಕ್ಷಿಸುವ ನನ್ನ ಅಂಗಡಿಯ ಮೆಗ್ಗರ್ ಹೋಗಿ ಆರು ವರ್ಷವಾಯಿತು. ಯಾರೂ ಕದ್ದಿದ್ದಲ್ಲ, ಕೇಳಿಯೇ ತೆಗೆದುಕೊಂಡು ಹೋದರು. ಒಬ್ಬ ಹುಡುಗ ಬಂದು, ತೋಟದ ಬೋರಿನ ಕೇಬಲ್ ಎಲ್ಲೋ ಅರ್ತ್ ಆಗ್ತಿದೆ ಅಣ್ಣ, ಒಂದಿನ ಕೊಡಿ ಅಂದ. ಕೊಟ್ಟೆ. ಅವನಿಂದ ಅವನ ಭಾವನ ಕೈಗೆ ಹೋಯಿತು, ಭಾವನಿಂದ ಗುಬ್ಬಿ ಕಡೆಯ ಯಾರದೋ ಕೈಗೆ. ಎರಡು ತಿಂಗಳಾದ ಮೇಲೆ ಕೇಳಿದರೆ, "ಅವತ್ತೇ ಕೊಟ್ಟು ಕಳಿಸಿದ್ನಲ್ಲಣ್ಣ" ಅಂದ. ನಾನೂ ಈ ಸೀಮೆಯವನೇ. ಇಲ್ಲಿಯವರು ಅನ್ನುವುದನ್ನೇ ಅಂದೆ: "ಹೋಗ್ಲಿ ಬಿಡಪ್ಪ."

ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ. ತಿಪಟೂರಿಗೆ ಬಂದು ಮೋಟಾರ್ ರೀವೈಂಡಿಂಗ್ ಅಂಗಡಿ ಹಾಕಿ ಮೂವತ್ತೊಂದು ವರ್ಷ. ಸುಟ್ಟ ಸಬ್‌ಮರ್ಸಿಬಲ್‌ಗಳು ಹುಳಿಯಾರಿಂದ, ಮಾಯಸಂದ್ರದಿಂದ, ಹಂದನಕೆರೆಯಿಂದ ಗೂಡ್ಸ್ ಆಟೋದಲ್ಲಿ ಬಂದು ಬೀಳುತ್ತವೆ. ಸಂಜೆ ಆರರ ಮೇಲೆ ಹುಡುಗರು ಬರುತ್ತಾರೆ. ಮೊದಲು ರೇಡಿಯೋ ಬಿಚ್ಚುತ್ತಿದ್ದರು, ಆಮೇಲೆ ಮಿಕ್ಸಿ, ಆಮೇಲೆ ಮೊಬೈಲ್ ಸ್ಟಾರ್ಟರ್. ಮನೆಯಲ್ಲಿ ಕೂತು ಫೋನಿನಿಂದಲೇ ಪಂಪು ಹಾಕುವ ಆ ಡಬ್ಬಿಯನ್ನು ಬಿಚ್ಚಿ, ಅದರೊಳಗಿನ ಸಿಮ್ಮು ನೋಡಿ, ಇಷ್ಟೇನಾ ಅಂದವನು ಈಗ ಬೆಂಗಳೂರಿನಲ್ಲಿ ದೊಡ್ಡ ಸಂಬಳಕ್ಕಿದ್ದಾನೆ. ಈ ಸಂಜೆಗಳಿಗೆ ನಾನು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಈಗ ಹೆಸರು ಬಂದಿದೆ. ಐದಾರು ಜನ ಯುವಕ ಯುವತಿಯರು ಹಳೇ ಕೊಬ್ಬರಿ ಗೋಡೌನೊಂದನ್ನು ಬಾಡಿಗೆಗೆ ಹಿಡಿದು, ಎಲ್ಲರೂ ಬಂದು ಬಿಚ್ಚಿ ಜೋಡಿಸಿ ಕಲಿಯುವ 'ಹ್ಯಾಕರ್‌ಸ್ಪೇಸ್' ಮಾಡಬೇಕೆಂದು ಓಡಾಡುತ್ತಿದ್ದಾರೆ. ಸಂಬಳದವರು ಯಾರೂ ಇರುವುದಿಲ್ಲ, ಎಲ್ಲರೂ ಬಿಡುವಿನಲ್ಲಿ ದುಡಿಯುವವರೇ. ನನ್ನನ್ನು ಹಿರಿಯ ಸಲಹೆಗಾರ ಎಂದು ಕರೆದು ಮೂರು ಹಾಳೆ ಕೊಟ್ಟರು. ಎರಡೂವರೆ ಹಾಳೆ ಬರೀ ಸಾಮಾನು: ತ್ರೀಡಿ ಪ್ರಿಂಟರ್, ಲೇಸರ್ ಕಟರ್, ಆರ್ಡಿನೋ ಬೋರ್ಡು ಇಪ್ಪತ್ತು, ಬೆಸುಗೆ ಸ್ಟೇಷನ್ ನಾಲ್ಕು. ಕೊನೆಯಲ್ಲಿ ಒಂದು ಸಾಲು: 'ನಿಯಮಗಳನ್ನು ಮುಂದೆ ಚರ್ಚಿಸಲಾಗುವುದು.' ಈ ಲೇಖನ ಆ ಒಂದು ಸಾಲಿನ ಮೇಲಿನ ತಕರಾರು.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಹ್ಯಾಕರ್ ಅಂದರೆ ನಮ್ಮ ಪತ್ರಿಕೆಗಳಲ್ಲಿ ಬ್ಯಾಂಕ್ ಖಾತೆಗೆ ಕನ್ನ ಹಾಕುವವನು. ಆದರೆ ಅಮೆರಿಕದ ಎಂಐಟಿಯಲ್ಲಿ ಆಟಿಕೆ ರೈಲಿನ ಹಳಿ, ಸಿಗ್ನಲ್ಲು ಜೋಡಿಸುತ್ತಿದ್ದ ವಿದ್ಯಾರ್ಥಿಗಳ ಕ್ಲಬ್ಬಿನಲ್ಲಿ ಈ ಮಾತು ಓಡಾಡುತ್ತಿದ್ದಾಗ ಅದಕ್ಕೆ ಕಳ್ಳತನದ ವಾಸನೆ ಇರಲಿಲ್ಲ. ವಸ್ತುವನ್ನು ಬಿಚ್ಚಿ, ಅರ್ಥ ಮಾಡಿಕೊಂಡು, ಅದನ್ನು ಮಾಡಿದವನೂ ಯೋಚಿಸದ ಕೆಲಸಕ್ಕೆ ಹಚ್ಚುವವನೇ ಹ್ಯಾಕರ್. ಟಿವಿಎಸ್ ಮೊಪೆಡ್ಡಿನ ಇಂಜಿನ್ನಿಗೆ ಔಷಧಿ ಸಿಂಪಡಿಸುವ ಪಂಪು ಕಟ್ಟಿದವನನ್ನು ನೋಡಿದ್ದೇನೆ. ಅವನೂ ಹ್ಯಾಕರ್ರೇ, ಅವನಿಗೆ ಗೊತ್ತಿಲ್ಲ ಅಷ್ಟೆ. ಹಾಗಂತ ನಿಯಮದ ಪುಸ್ತಕದಲ್ಲಿ ಇದೂ ಇರಲಿ: ಬೇರೆಯವರ ವೈಫೈ, ಸಿಸಿಟಿವಿ, ಖಾತೆ ಮುಟ್ಟುವಂತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಕರೆಂಟ್ ಮೀಟರನ್ನಂತೂ ದೂರದಿಂದಲೇ ನೋಡಬೇಕು. "ಅಣ್ಣ, ಮೀಟರ್ ನಿಧಾನ ಮಾಡೋಕಾಗುತ್ತಾ?" ಎಂದು ಕೇಳಿಕೊಂಡು ಬಂದವರು ಮೂವತ್ತೊಂದು ವರ್ಷದಲ್ಲಿ ಕಡಿಮೆಯೇನಲ್ಲ.

ಇಂಥ ಜಾಗ ನಮ್ಮ ಜಿಲ್ಲೆಗೇ ಹೊಸದಲ್ಲ. ದೇವರಾಯನದುರ್ಗದ ಹತ್ತಿರ ದುರ್ಗದಹಳ್ಳಿಯಲ್ಲಿ 'ಜನಸ್ತು' ಸಂಸ್ಥೆಯವರು 'ಇರುವೆ' ಎಂದು ಕರೆಯುವ ಜಾಗವೊಂದನ್ನು ನಡೆಸುತ್ತಾರೆ. ಹಳ್ಳಿಯವರೇ ನೋಡಿಕೊಳ್ಳಬಹುದಾದ ವೈಫೈ ಜಾಲ, ಸಮುದಾಯ ರೇಡಿಯೋ ಅಲ್ಲಿಯ ಪ್ರಯೋಗಗಳು. ಓದು ಬಾರದವರೂ ದನಿಯಲ್ಲೇ ತಮ್ಮ ಮಾತು ಸೇರಿಸಬಹುದಾದ ತಂತ್ರಾಂಶದ ಮೇಲೂ ಕೆಲಸ ನಡೆದಿದೆ. 'ಆ್ಯಂಟ್‌ಹಿಲ್ ಹ್ಯಾಕ್ಸ್' ಎಂದು ಎಲ್ಲೆಲ್ಲಿಂದಲೋ ಜನ ಬಂದು ಸೇರುತ್ತಾರೆ. ಬೆಂಗಳೂರಿನಲ್ಲಿ ಹಲಸೂರು ಮೆಟ್ರೋ ನಿಲ್ದಾಣದಲ್ಲೇ 'ವರ್ಕ್‌ಬೆಂಚ್ ಪ್ರಾಜೆಕ್ಟ್ಸ್' ಎಂಬ ಮೇಕರ್ ತಾಣ ತಲೆ ಎತ್ತಿತು. ಮಹಾರಾಷ್ಟ್ರದ ಪಾಬಳ್ ಎಂಬ ಬರಗಾಲದ ಹಳ್ಳಿಯಲ್ಲಿ ಡಾ. ಎಸ್.ಎಸ್. ಕಲಬಾಗ್ 1983ರಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. 2002ರಲ್ಲಿ ಎಂಐಟಿಯವರು ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಕಾರ್ಯಾಗಾರವಾದ ತಮ್ಮ ಫ್ಯಾಬ್ ಲ್ಯಾಬನ್ನು ಮೊದಲ ಬಾರಿಗೆ ಅಮೆರಿಕದ ಹೊರಗೆ ಇಡಲು ಬಂದಾಗ ಹುಡುಕಿದ್ದು ಆ ಹಳ್ಳಿಯನ್ನು. ಆದ್ದರಿಂದ 'ತಿಪಟೂರಿನಲ್ಲಿ ಇದೆಲ್ಲ ಆಗುತ್ತಾ' ಎಂದು ಕೇಳುವವರಿಗೆ ನನ್ನ ಹತ್ತಿರ ಸಮಯವಿಲ್ಲ. ಆಗುತ್ತೆ. ಮೂರನೇ ವರ್ಷಕ್ಕೆ ಬಾಗಿಲು ಮುಚ್ಚದೆ ಇರುತ್ತಾ ಅನ್ನುವುದೇ ನನ್ನ ಚಿಂತೆ.

ಬಾಗಿಲು ಅಂದಾಗ ನನಗೆ ನೆನಪಾಗುವುದು ನಮ್ಮೂರಿನ ಯುವಕ ಸಂಘ. ನನಗಾಗ ಇಪ್ಪತ್ತೆರಡು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸಹಿ ಹಾಕಿದರೆ ಸಂಘ ಆಗುತ್ತದೆ. ನಾವು ಹನ್ನೊಂದು ಜನ ಇದ್ದೆವು. ಬೈಲಾ ಬರೆಯುವ ಕಷ್ಟ ಯಾರಿಗೆ ಬೇಕು? ಯಾವುದೋ ಸಂಘದ ಬೈಲಾ ತಂದು ಹೆಸರು ಬದಲಿಸಿ ಟೈಪ್ ಮಾಡಿಸಿದೆವು. ರೇಷ್ಮೆ ಹುಳು ಸಾಕಣೆಯ ಅಭಿವೃದ್ಧಿಯೂ ನಮ್ಮ ಸಂಘದ ಧ್ಯೇಯ ಎಂದು ಅದರಲ್ಲಿ ಇತ್ತೆಂಬುದು ನಾಲ್ಕು ವರ್ಷ ಆದ ಮೇಲೆ ಗೊತ್ತಾಯಿತು. ಊರಲ್ಲಿ ಒಂದು ಹಿಪ್ಪುನೇರಳೆ ಗಿಡವೂ ಇರಲಿಲ್ಲ. ಇರಲಿ, ಕೇರಂ ಬೋರ್ಡ್ ಬಂತು, ಟೀವಿ ಬಂತು, ಇನ್ನೂರು ಮುನ್ನೂರು ಪುಸ್ತಕ ಬಂದವು. ಬೀಗದ ಕೈ ಕಾರ್ಯದರ್ಶಿಯ ಹತ್ತಿರ. ಒಳ್ಳೆಯ ಮನುಷ್ಯ. ಅವನೇ ಗುಡಿಸಿ, ಅವನೇ ದೀಪ ಹಾಕಿ, ಅವನೇ ಟೀವಿ ಹಚ್ಚುತ್ತಿದ್ದ. ಮದುವೆಯಾಗಿ ಬೆಂಗಳೂರಿಗೆ ಹೋದ. ಕೈ ಅವನ ತಾಯಿಯ ಹತ್ತಿರ ಉಳಿಯಿತು. ಎರಡು ಸಲ ಕೇಳಿದೆವು. "ಅವನು ಬರ್ಲಿ ಕಣಪ್ಪ, ನನಗೇನು ಗೊತ್ತು" ಅಂದರು. ಮೂರನೇ ಸಲ ಕೇಳಲು ಸಂಕೋಚವಾಯಿತು. ಕೊನೆಗೊಮ್ಮೆ ಬಾಗಿಲು ತೆಗೆದಾಗ ಪುಸ್ತಕವೆಲ್ಲ ಗೆದ್ದಲು ತಿಂದಿತ್ತು.

ಆ ಕಾರ್ಯದರ್ಶಿ ದುಷ್ಟನಾಗಿದ್ದರೆ ಸಂಘ ಉಳಿಯುತ್ತಿತ್ತು, ಜಗಳ ಮಾಡಿ ಕೈ ಕಿತ್ತುಕೊಳ್ಳುತ್ತಿದ್ದೆವು. ಒಳ್ಳೆಯವನಾಗಿದ್ದರಿಂದ ಸತ್ತಿತು.

ಹೊರದೇಶದ ಹ್ಯಾಕರ್‌ಸ್ಪೇಸ್‌ಗಳಲ್ಲಿ ಒಂದು ಮಾತಿದೆಯಂತೆ: ಮಾಡುವವನದೇ ತೀರ್ಮಾನ. ಯಾರು ಮೈಬಗ್ಗಿಸಿ ಕೆಲಸ ಮಾಡುತ್ತಾರೋ ಅವರು ಹೇಳಿದಂತೆ. ಕೇಳಲು ಚೆನ್ನಾಗಿದೆ, ನಮ್ಮ ಹುಡುಗರಿಗೂ ಇದು ಬಹಳ ಹಿಡಿಸಿದೆ. ಆದರೆ ನಮ್ಮ ಕಡೆ ಸಂಜೆ ಐದರಿಂದ ಹತ್ತರವರೆಗೆ ಬಿಡುವಾಗಿರುವವನು ಯಾರು? ತೋಟ ಇರುವವನು, ಸ್ವಂತ ಬೈಕ್ ಇರುವವನು, ಗಂಡಸು. ಕಾಯಿ ಸುಲಿಯಲು ಕೂಲಿಗೆ ಹೋಗಿ ಬಂದ ಹುಡುಗನಿಗೆ ತೋಳು ಎತ್ತಲಾಗುವುದಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕು. 'ಮಾಡುವವನದೇ ತೀರ್ಮಾನ' ಅಂದರೆ ಇಲ್ಲಿ 'ಇರುವವನದೇ ತೀರ್ಮಾನ' ಎಂದಾಗುತ್ತದೆ. ಅದಕ್ಕೆ ಹೊಸ ಸಂಘ ಯಾಕೆ ಬೇಕು, ಊರು ಮೊದಲಿಂದ ನಡೆದಿರುವುದೇ ಹಾಗಲ್ಲವೇ?

ನಮಗೆ ಬೇರೆ ಮಾದರಿ ಮನೆಯಲ್ಲೇ ಇದೆ. ಕೆರೆಯ ನೀರಗಂಟಿ. ತೂಬು ಎತ್ತುವವನು ಅವನೊಬ್ಬನೇ, ಗೌಡನಾದರೂ ತಾನೇ ಹೋಗಿ ಎತ್ತುವಂತಿರಲಿಲ್ಲ. ಆದರೆ ನೀರಗಂಟಿಗೆ ತೂಬಿನ ಹಕ್ಕಿತ್ತೇ ಹೊರತು ಕೆರೆಯ ಹಕ್ಕಿರಲಿಲ್ಲ. ಯಾವ ಗದ್ದೆಗೆ ಎಷ್ಟು ಹೊತ್ತು ಎನ್ನುವ ಲೆಕ್ಕ ಊರಿಗೇ ಗೊತ್ತಿರುತ್ತಿತ್ತು. ಎಲಿನಾರ್ ಆಸ್ಟ್ರಮ್ ಎಂಬ ಮಹಿಳೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ವಿಷಯದಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವರೇ. ನೀರಾವರಿ ಕಾಲುವೆ, ಗೋಮಾಳ, ಮೀನಿನ ಕಡಲು, ಕಾಡು ಇಂಥ ಹತ್ತು ಜನರ ಸೊತ್ತು ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂದು ಹುಡುಕಿದವರು. ಬಳಸುವವರೇ ನಿಯಮ ಮಾಡಿದ್ದರೆ, ಕಾಯುವವನು ಬಳಸುವವರಿಗೇ ಉತ್ತರ ಹೇಳುವಂತಿದ್ದರೆ, ತಪ್ಪಿಗೆ ಮೊದಲು ಸಣ್ಣ ದಂಡ ಆಮೇಲೆ ದೊಡ್ಡದು ಎಂದಿದ್ದರೆ, ಜಗಳ ಬಿಡಿಸಿಕೊಳ್ಳಲು ಹತ್ತಿರದಲ್ಲೇ, ಖರ್ಚಿಲ್ಲದ ಒಂದು ಕಟ್ಟೆ ಇದ್ದರೆ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ನೀರಗಂಟಿಗೆ ಇದನ್ನು ಓದಿ ಹೇಳಿದ್ದರೆ, 'ಇದಕ್ಕೂ ಬಹುಮಾನ ಕೊಡ್ತಾರಾ' ಅನ್ನುತ್ತಿದ್ದನೇನೋ.

ಹಾಗಾಗಿ ಗೋಡೌನಿನ ಹುಡುಗರಿಗೆ ನಾನು ಹೇಳಿದ ಮೊದಲ ನಿಯಮ ಕೈಯದು. ಮೂರು ಬೀಗದ ಕೈ, ಮೂವರ ಹತ್ತಿರ. ಒಬ್ಬರು ಹೆಂಗಸಾಗಿರಬೇಕು. ಒಬ್ಬರು ತಿಪಟೂರು ಪೇಟೆಯ ಹೊರಗಿನವರಾಗಿರಬೇಕು. ಆರು ತಿಂಗಳಿಗೊಮ್ಮೆ ಮೂವರೂ ಬದಲಾಗಬೇಕು, ಎಷ್ಟೇ ಚೆನ್ನಾಗಿ ನೋಡಿಕೊಂಡಿದ್ದರೂ. ಈಗ ಯಾರ ಹತ್ತಿರ ಇದೆ ಎಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿರಬೇಕು. "ಅಣ್ಣ, ಫೋನಲ್ಲೇ ತೆಗೆಯೋ ಡಿಜಿಟಲ್ ಲಾಕ್ ಹಾಕೋಣ" ಎಂದ ಒಬ್ಬ. ಹಾಕಪ್ಪ. ಅದರ ಪಾಸ್‌ವರ್ಡ್ ಯಾರ ಹತ್ತಿರ ಇರುತ್ತೆ?

ಎರಡನೆಯದು ಕಣ್ಣಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮರ ಹತ್ತುವವರು ಸಿಗದೆ ನಮ್ಮ ತೋಟದವರು ಪಡುವ ಪಾಡು ಎಲ್ಲರಿಗೂ ಗೊತ್ತಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಶುರು ಮಾಡಿ, ಮರ ಹತ್ತುವ ಯಂತ್ರ ಕೊಟ್ಟು ಹುಡುಗ ಹುಡುಗಿಯರಿಗೆ ಕಲಿಸಿತು. ಅಂಥದೊಂದು ಯಂತ್ರ ತಂದು, ಅದರ ಕಾಲಿಡುವ ಪಟ್ಟಿಯನ್ನು ನಮ್ಮ ದಪ್ಪ ಬುಡದ ಮರಕ್ಕೆ ಹೊಂದಿಸುತ್ತೇನೆಂದು ಒಬ್ಬ ಹುಡುಗ ನನ್ನ ಅಂಗಡಿಯಲ್ಲಿ ಕಬ್ಬಿಣ ಉಜ್ಜುತ್ತಿದ್ದ. ನಾನು ಟೀ ಕುಡಿಯಲು ಎದುರಿಗೆ ಹೋಗಿದ್ದೆ. ಗ್ರೈಂಡರ್ ಪಕ್ಕದ ಮೊಳೆಗೆ ಕನ್ನಡಕ ತೂಗು ಹಾಕಿತ್ತು, ಧೂಳು ಹಿಡಿದಿತ್ತು. ಕಿಡಿ ಬಲಗಣ್ಣಿಗೆ ಹಾರಿತು. ಕಣ್ಣು ಉಳಿಯಿತು, ದೇವರು ದೊಡ್ಡವನು. ಆದರೆ ಹದಿನೈದು ದಿನ ಆ ಹುಡುಗ ಪಟ್ಟಿ ಕಟ್ಟಿಕೊಂಡಿದ್ದ. ಅವನ ತಂದೆ ಅಂಗಡಿಗೆ ಬಂದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕೇಳಿದರು:

"ಕನ್ನಡ್ಕ ಇತ್ತೇನಪ್ಪ ಅಲ್ಲಿ?"

"ಇತ್ತು."

"ಹಾಕ್ಕಳೋ ಅಂತ ಯಾರಾದ್ರೂ ಹೇಳಿದ್ರಾ?"

ನಾನು ಉತ್ತರ ಕೊಡಲಿಲ್ಲ. ಮಾರನೇ ದಿನ ಗ್ರೈಂಡರಿನ ಸ್ವಿಚ್ ಬಿಚ್ಚಿ, ಕನ್ನಡಕದ ಮೊಳೆಯ ಕೆಳಗೇ ತಂದು ಕೂರಿಸಿದೆ. ಕನ್ನಡಕ ತೆಗೆಯದೆ ಸ್ವಿಚ್ಚಿಗೆ ಕೈ ಹೋಗದು. ಇಂಥ ನಿಯಮವನ್ನು ಗೋಡೆಯ ಮೇಲೆ ಬರೆಯುವುದಕ್ಕಿಂತ ಗೋಡೆಯಲ್ಲೇ ಕೂರಿಸುವುದು ಮೇಲು. ಬರೆಯಲೇಬೇಕಾದದ್ದೂ ಇದೆ: ತಿರುಗುವ ಯಂತ್ರದ ಮುಂದೆ ಒಬ್ಬನೇ ಇರುವಂತಿಲ್ಲ, ಲುಂಗಿ, ದುಪಟ್ಟಾ, ಜೋಲುವ ತೋಳಿನ ಅಂಗಿ ಹಾಕುವಂತಿಲ್ಲ, ಹದಿನೆಂಟು ತುಂಬದವರಿಗೆ ಮನೆಯವರ ಸಹಿ ಬೇಕು. ಮುಖ್ಯವಾದದ್ದು, ಪೆಟ್ಟಾದರೆ ಆಸ್ಪತ್ರೆಯ ಮೊದಲ ಬಿಲ್ಲು ಯಾರು ಕಟ್ಟುತ್ತಾರೆ? ಅದನ್ನು ಪೆಟ್ಟಾಗುವ ಮೊದಲೇ ಬರೆದಿಡಬೇಕು. ಆಮೇಲೆ ಬರೆದರೆ ಅದು ಬೇರೆ ಥರದ ಕಾಗದವಾಗುತ್ತದೆ, ಠಾಣೆಯಲ್ಲಿ ಬರೆಯುವಂಥದು.

ಹಾಗೆಂದು ನಿಯಮ ಹೆಚ್ಚಾದರೆ ಏನಾಗುತ್ತದೆಂಬುದನ್ನೂ ನೋಡಿದ್ದೇನೆ. 2016ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗೆ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ತಂದಿತು. ಒಂದು ಶಾಲೆಗೆ 20 ಲಕ್ಷ ರೂಪಾಯಿ, ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲಿ ಎಂದು. ಒಳ್ಳೆಯ ಯೋಜನೆ, ಚೆನ್ನಾಗಿ ನಡೆದ ಕಡೆಯೂ ಇದೆ. ಒಂದು ಶಾಲೆಗೆ ನನ್ನನ್ನು ಕರೆದಿದ್ದರು. ಬೋರ್ಡುಗಳೆಲ್ಲ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು, ಗಾಜಿನ ಬೀರುವಿನೊಳಗೆ, ಬೀಗ ಹಾಕಿ. ಯಾಕೆ ಸಾರ್ ಎಂದರೆ ಮೇಷ್ಟ್ರು, "ಒಂದು ಸುಟ್ಟರೂ ಸ್ಟಾಕ್ ರಿಜಿಸ್ಟರಿಗೆ ನಾನೇ ಉತ್ತರ ಹೇಳಬೇಕು" ಅಂದರು. ಅವರ ತಪ್ಪಲ್ಲ, ಒಡೆಯುವುದನ್ನು ಅಪರಾಧ ಮಾಡಿದ ಲೆಕ್ಕದ ಪುಸ್ತಕದ ತಪ್ಪು. ನಮ್ಮ ಗೋಡೌನಿನಲ್ಲಿ ಒಡೆದದ್ದಕ್ಕೆ ದಂಡ ಬೇಡ, ಒಡೆದು ಮುಚ್ಚಿಟ್ಟಿದ್ದಕ್ಕೆ ದಂಡ ಇರಲಿ. ಸುಟ್ಟುಹೋದ ಬೋರ್ಡುಗಳನ್ನು ಒಂದು ಹಗ್ಗಕ್ಕೆ ಪೋಣಿಸಿ ಬಾಗಿಲಿಗೆ ಕಟ್ಟಿ ಎಂದೂ ಹೇಳಿದೆ, ತೋರಣದ ಹಾಗೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ನಾಯ್ಸ್‌ಬ್ರಿಡ್ಜ್' ಎಂಬ ಹೆಸರುವಾಸಿ ಹ್ಯಾಕರ್‌ಸ್ಪೇಸ್ ಇದೆ. ಅದಕ್ಕೆ ಒಂದೇ ನಿಯಮವಂತೆ: ಒಬ್ಬರಿಗೊಬ್ಬರು ಚೆನ್ನಾಗಿ ನಡೆದುಕೊಳ್ಳಿ. ನಮ್ಮ ಹುಡುಗಿಯೊಬ್ಬಳು ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ತಂದಿದ್ದಳು. ಬಾಗಿಲನ್ನು ಎಲ್ಲರಿಗೂ ಹಗಲು ರಾತ್ರಿ ತೆರೆದಿಟ್ಟ ಅವರೇ, ಅಲ್ಲೇ ಮಲಗುವವರು, ಸಾಮಾನು ಎತ್ತಿಕೊಂಡು ಹೋಗುವವರು ಹೆಚ್ಚಾದ ಮೇಲೆ ಯಾರು ಯಾವಾಗ ಬರಬಹುದೆಂದು ಬಿಗಿ ಮಾಡಬೇಕಾಯಿತು. ನಮ್ಮಲ್ಲಂತೂ ಆ ಒಂದು ಸಾಲು ಸಾಲದೇ ಸಾಲದು. ನಾವು ಮೊದಲಿನಿಂದಲೂ ಚೆನ್ನಾಗಿ ನಡೆದುಕೊಳ್ಳುವವರು. ಮೆಗ್ಗರ್ ಹೋದರೂ, ಚಂದಾ ಲೆಕ್ಕ ಸಿಗದಿದ್ದರೂ, ಹೆಣ್ಣುಮಗಳ ಎದುರು ಒಬ್ಬ ಹಗುರವಾಗಿ ಮಾತಾಡಿದರೂ, 'ಹೋಗ್ಲಿ ಬಿಡಿ' ಅನ್ನುವಷ್ಟು ಚೆನ್ನಾಗಿ. ಆಮೇಲೆ ಆ ಹೆಣ್ಣುಮಗಳು ಬರುವುದಿಲ್ಲ. ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ. ಅದಕ್ಕೇ ದೂರು ಯಾರಿಗೆ ಹೇಳಬೇಕು ಎಂದು ಮೂರು ಹೆಸರು ಬರೆದಿರಬೇಕು, ಒಬ್ಬರು ಸಂಘದ ಹೊರಗಿನವರು, ಒಬ್ಬರು ಖಂಡಿತ ಮಹಿಳೆ. ದೂರು ಕೇಳಿಸಿಕೊಂಡವರು ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಹೆಣ್ಣುಮಕ್ಕಳ ದೂರಿಗೆ ಟೀ ಕುಡಿಸಿ ರಾಜಿ ಮಾಡಿಸುವ ಪಂಚಾಯ್ತಿ ಬೇಡ.

ಕಸದ ಮಾತೂ ಬರೆದಿರಲಿ. ಜರ್ಮನಿಯಲ್ಲಿ 1981ರಿಂದ ನಡೆದಿರುವ ಕೇಯಾಸ್ ಕಂಪ್ಯೂಟರ್ ಕ್ಲಬ್ಬಿನವರು ಹ್ಯಾಕರ್‌ಸ್ಪೇಸ್ ಕಟ್ಟುವವರಿಗೆಂದು 2007ರಲ್ಲಿ ತಮ್ಮ ಅನುಭವವನ್ನೆಲ್ಲ ಸೇರಿಸಿ ಹೇಳಿದಾಗ, ಅದರಲ್ಲಿ ತಟ್ಟೆ ಲೋಟ ತೊಳೆಯುವ ವಿಷಯಕ್ಕೂ ಒಂದು ಜಾಗ ಇತ್ತು. ಸಭೆ ಯಾವ ದಿನ ಎಂದು ಚರ್ಚೆ ಮಾಡುತ್ತಾ ಕೂರಬೇಡಿ, ಯಾವ ದಿನ ಇಟ್ಟರೂ ಯಾರಿಗೋ ಒಬ್ಬರಿಗೆ ಆಗುವುದಿಲ್ಲ, ಮಂಗಳವಾರ ಎಂದು ಮುಗಿಸಿ ಎನ್ನುವುದು ಅವರದೇ ಬುದ್ಧಿಮಾತು. ಮಂಗಳವಾರವನ್ನು ನಾವು ಹಾಗೇ ತೆಗೆದುಕೊಳ್ಳಬಹುದು. ಲೋಟದ ವಿಷಯ ನಮ್ಮಲ್ಲಿ ಇನ್ನೂ ಗಂಭೀರ. ಗುಡಿಸುವ ಸರದಿ ಬರೆಯದೆ ಬಿಟ್ಟರೆ, ಬರೆಯದ ಹಳೇ ನಿಯಮವೊಂದು ತಾನಾಗಿ ಜಾರಿಗೆ ಬರುತ್ತದೆ. ಪೊರಕೆ ಯಾರ ಕೈಗೆ ಹೋಗುತ್ತದೆ, ಲೋಟ ಯಾರ ಕೈಗೆ ಹೋಗುತ್ತದೆ ಎಂದು ಈ ಸೀಮೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಸರದಿ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರಲಿ, ಹಿರಿಯ ಸಲಹೆಗಾರನದೂ.

ಯಂತ್ರದ ಸರದಿಗೂ ಇದೇ ಮಾತು. 2024ರ ಆರಂಭದಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ಹೆಸರು ನೋಂದಾಯಿಸಲು ನಮ್ಮ ರೈತರು ರಾತ್ರಿಯೆಲ್ಲ ಸಾಲು ನಿಂತರು. ಅಕ್ರಮದ ದೂರು ಬಂದು ನೋಂದಣಿ ರದ್ದಾಗಿ ಮತ್ತೆ ಶುರುವಾಯಿತು. ಮೊದಲು ಬಂದವರಿಗೆ ಮೊದಲು ಎನ್ನುವುದು ಎಷ್ಟು ಸುಲಭಕ್ಕೆ ಕೈಜಾರುತ್ತದೆಂದು ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಒಬ್ಬರಿಗೆ ವಾರಕ್ಕೆ ಇಷ್ಟು ಗಂಟೆ, ಮುಗಿಯಿತು.

ದುಡ್ಡು. ಕೊಬ್ಬರಿ ಬೆಲೆ ನಮ್ಮ ದಾನಧರ್ಮದ ಮಳೆಮಾಪಕ. 2023ರಲ್ಲಿ ಕ್ವಿಂಟಲ್ಲಿಗೆ ಬೆಂಬಲ ಬೆಲೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ ಜನ ಕಂಗಾಲಾಗಿದ್ದರು. 2025ರಲ್ಲಿ ಅದೇ ಕ್ವಿಂಟಲ್ 25,000 ದಾಟಿತು. ಬೆಲೆ ಏರಿದ ವರ್ಷ ಒಬ್ಬರು ಬಂದು, ಒಂದು ಲಕ್ಷ ಕೊಡ್ತೀನಿ, ನಮ್ಮ ತಂದೆಯವರ ಹೆಸರು ಹಾಕಿ ಎನ್ನುತ್ತಾರೆ. ತಂದೆಯ ಹೆಸರಿನ ಹಿಂದೆ ಜಾತಿ ಬರುತ್ತದೆ, ಚುನಾವಣೆ ಬಂದಾಗ ಪಕ್ಷವೂ ಬರುತ್ತದೆ. ಇಳಿದ ವರ್ಷ ಬಾಡಿಗೆ ಕಟ್ಟಲು ಯಾರೂ ಇರುವುದಿಲ್ಲ. ನೂರು ಜನರಿಂದ ತಿಂಗಳಿಗೆ ನೂರು ರೂಪಾಯಿ ಸಾಕು. ಅದೂ ಆಗದವರು ಎರಡು ಸಂಜೆ ಬಾಗಿಲು ಕಾಯಲಿ. ಲೆಕ್ಕ ಗೋಡೆಯ ಮೇಲಿರಲಿ.

ಇಷ್ಟೆಲ್ಲ ಹೇಳಿ ಮುಗಿಸಿದಾಗ ಆ ಹುಡುಗರ ಮುಖ ಸ್ವಲ್ಪ ಬಾಡಿತ್ತು. "ಅಣ್ಣ, ಮೊದ್ಲು ಶುರು ಮಾಡೋಣ, ಆಮೇಲೆ ನೋಡೋಣ." ಅಟ್ಟದ ಮೇಲೆ ಕಾಯಿ ಹಾಕಿ, ಒಳಗಿನ ನೀರು ಇಂಗಿ ಗಡಗಡ ಎನ್ನಲು ಹತ್ತು ಹನ್ನೊಂದು ತಿಂಗಳು ಕಾಯುವ ಮನೆಯ ಮಕ್ಕಳು ಇವರು. ನಿಯಮಕ್ಕೆ ಅಷ್ಟು ಬೇಕಿಲ್ಲ, ಎರಡು ಸಂಜೆ ಸಾಕು. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಟ್ಟೆ. ಎಡಗಡೆ ನಿಯಮ, ಬಲಗಡೆ ಅದು ಯಾಕೆ ಬಂತು ಎಂಬ ಕಾರಣ. ಕಾರಣ ಬರೆಯಲಾಗದ ನಿಯಮವನ್ನು ಹೊಡೆದುಹಾಕಿ, ವರ್ಷಕ್ಕೊಮ್ಮೆ ಎಲ್ಲವನ್ನೂ ಓದಿ ಬೇಡದ್ದನ್ನು ತೆಗೆಯಿರಿ ಎಂದೆ. ಮೊದಲ ಪುಟದಲ್ಲಿ ನಾನೇ ಬರೆದುಕೊಟ್ಟೆ: ಎಡಗಡೆ, 'ಸಾಮಾನು ಹೊರಗೆ ಹೋಗುವಾಗ ಹೆಸರು, ಫೋನ್ ನಂಬರು, ವಾಪಸ್ ತರುವ ತಾರೀಕು.' ಬಲಗಡೆ, 'ಮೆಗ್ಗರ್.'

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅಂಗಡಿಯವರಲ್ಲಿ, ತೋಟದವರಲ್ಲಿ, ಬೆಂಗಳೂರಿಗೆ ಹೋಗಿ ನಾಲ್ಕು ಕಾಸು ಕಂಡವರಲ್ಲಿ ಒಂದು ವಿನಂತಿ. ಈ ಹುಡುಗರೋ ಇವರಂಥವರೋ ನಿಮ್ಮ ಹತ್ತಿರ ಬಂದೇ ಬರುತ್ತಾರೆ, ಒಂದು ಯಂತ್ರ ಕೊಡಿಸಿ ಎಂದು ಕೇಳುತ್ತಾರೆ. ಕೊಡಿಸಿ. ಕೊಡಿಸುವ ಮೊದಲು ಆ ನೋಟ್‌ಬುಕ್ ತೋರಿಸಿ ಎಂದು ಕೇಳಿ. ಹತ್ತು ಪುಟವೂ ತುಂಬಿರದಿದ್ದರೆ, ಯಂತ್ರದ ಬದಲು ಒಂದು ಪೆನ್ನು ಕೊಟ್ಟು ಕಳಿಸಿ.